ಅಪ್ಪನ ಗಮಕದ ಹಿಂದೊಂದು ತಂಬೂರಿ

1983ರಲ್ಲಿ ನಮ್ಮ ತೀರ್ಥರೂಪರು ಭದ್ರಾವತಿಯ ಮನೆಯಲ್ಲಿ ಕುಮಾರವ್ಯಾಸ ಭಾರತವನ್ನು ವಾಚಿಸಿದ ಒಂದೇ ಒಂದು ಕ್ಯಾಸೆಟ್ ನನ್ನಲ್ಲಿದೆ. (ಗಮಕಕ್ಕೆ ಹೆಸರಾದ ಹೊಸಹಳ್ಳಿಗೆ ಹೋಗಿಬಂದು ಅಂಟಿಸಿಕೊಂಡ ಗೀಳು ಅದು.) ಅದನ್ನು ಕಂಪ್ಯೂಟರಿಗೆ ಇಳಿಸಿ ಬಂಧುಗಳಿಗೆಲ್ಲ ಕಳುಹಿಸೋಣವೆಂದು ಶಿವಮೊಗ್ಗದ ಮನೆಯಲ್ಲಿ ಕುಳಿತರೆ, ಷಟ್ಪದಿಯ ಹಿಂದೆ ತಂಬೂರಿಯಂತೆ ಒಂದೇ ಸಮನೆ ಝೇಂಕಾರ! ಅಪ್ಪ ತಂಬೂರಿ ಮುಟ್ಟಿದವರೇ ಅಲ್ಲ.

ಕ್ಯಾಸೆಟ್ ಹಳೆಯದಾಯಿತೆಂದು ಭಾವಿಸಿದೆ. ಭದ್ರಾವತಿಯಲ್ಲಿರುವ ಶಿಷ್ಯನೊಬ್ಬ ದೂರವಾಣಿಯಲ್ಲಿ, "ಸಾರ್, ಕ್ಯಾಸೆಟ್ ನಿಲ್ಲಿಸಿ ಕೇಳಿ" ಎಂದ. ಆಗಲೂ ಝೇಂಕಾರ. "ಈಗ ಲ್ಯಾಪ್‌ಟಾಪಿನ ಚಾರ್ಜರ್ ತೆಗೆಯಿರಿ." ಥಟ್ಟನೆ ನಿಶ್ಶಬ್ದ! ಲ್ಯಾಪ್‌ಟಾಪ್ ಒಂದು ಪ್ಲಗ್ಗಿನಲ್ಲಿ, ಟೇಪಿಗೆ ಜೋಡಿಸಿದ್ದ ಆಂಪ್ಲಿಫೈಯರ್ ಇನ್ನೊಂದು ಕೋಣೆಯ ಪ್ಲಗ್ಗಿನಲ್ಲಿ. ನಡುವಿನ ಆಡಿಯೋ ತಂತಿ ಎರಡರ ಅರ್ಥಿಂಗನ್ನೂ ಬೆಸೆದು ಕುಣಿಕೆಯಾಗಿಸಿತ್ತು. ನಮ್ಮ 50 ಹರ್ಟ್ಸ್ ವಿದ್ಯುತ್ತೇ ಅದರೊಳಗೆ ಶ್ರುತಿ ಹಿಡಿದಿತ್ತು. ಭೌತಶಾಸ್ತ್ರ ಬೋಧಿಸಿದವನಿಗೇ ಪಾಠ! ಬ್ಯಾಟರಿಯಲ್ಲಿ ನಡೆಸಬೇಕು, ಇಲ್ಲವೇ ಎರಡನ್ನೂ ಒಂದೇ ಪ್ಲಗ್‌ಬೋರ್ಡಿಗೆ ಹಾಕಬೇಕು. ಅರ್ಥಿಂಗ್ ಪಿನ್ನನ್ನು ಮಾತ್ರ ಯಾರೂ ಮುರಿಯಬೇಡಿ, ಪ್ರಾಣಕ್ಕೇ ಕುತ್ತು.

ಉಳಿದದ್ದು ಟೇಪಿನ ಸ್ವಂತ 'ಸುಯ್' ಸದ್ದು. ಅಡಾಸಿಟಿ ತಂತ್ರಾಂಶಕ್ಕೆ ಮಾತಿಲ್ಲದ ಎರಡು ಕ್ಷಣಗಳ ಮಾದರಿ ತೋರಿಸಿ ಅಳಿಸಿದೆ. ಸದ್ದೇನೋ ಹೋಯಿತು, ಪದ್ಯದ ನಡುವೆ ಅಮ್ಮ ಒಳಮನೆಯಿಂದ "ಕಾಫಿ ಆರಿಹೋಗತ್ತೆ" ಎಂದದ್ದೂ ಅದರೊಡನೆ ಹೋಯಿತು. ಆಕೆಯ ಧ್ವನಿಯೆಂದು ನಮ್ಮಲ್ಲಿರುವುದು ಅಷ್ಟೇ. ಗಾಬರಿಯಿಂದ 'ಅನ್‌ಡೂ' ಒತ್ತಿದೆ.

ಈಗ ಎಲ್ಲರಿಗೂ ಕಳುಹಿಸುತ್ತಿರುವುದು ಸುಯ್ ಸಹಿತವಾದ ಪ್ರತಿ. ತಂಗಿ, ಹನ್ನೊಂದನೆಯ ನಿಮಿಷ ಬಂದಾಗ ಸ್ವಲ್ಪ ಗಟ್ಟಿಯಾಗಿ ಇಟ್ಟು ಕೇಳು.