ಮಣ್ಣು ಬೇಡದ ಗಿಡ

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇವೆ. ಆರ್ಕಿಡ್ ಸಾಕುವುದು ಹೇಗೆಂದು ಬರೆಯಲು ಕುಳಿತಿರುವ ನಾವು, ಗಂಡ ಹೆಂಡತಿ ಇಬ್ಬರೂ ಸೇರಿ, ಮೂರು ಆರ್ಕಿಡ್ ಗಿಡಗಳನ್ನು ಕೊಂದವರು. ಎರಡನ್ನು ಪ್ರೀತಿಯಿಂದ ಕೊಂದೆವು. ಮೂರನೆಯದರ ಕಥೆ ಹೇಳಲು ನಾಚಿಕೆಯಾಗುತ್ತದೆ, ಆದರೂ ಆಮೇಲೆ ಹೇಳುತ್ತೇವೆ.

ನಮ್ಮದು ಗೋವಾದ ವಾಸ್ಕೋದಲ್ಲಿ ಎರಡನೇ ಮಹಡಿಯ ಫ್ಲ್ಯಾಟು. ಕೆಲಸ ಹುಡುಕಿಕೊಂಡು ಕರ್ನಾಟಕದಿಂದ ಬಂದು ಇಪ್ಪತ್ತೆಂಟು ವರ್ಷವಾಯಿತು. ವಾಸ್ಕೋದಲ್ಲಿ ಕನ್ನಡ ಮಾತಿಗೆ ಬರವಿಲ್ಲ. ಮೀನು ಮಾರ್ಕೆಟ್ಟಿನಲ್ಲೂ ಕಿವಿಗೆ ಬೀಳುತ್ತದೆ, ಬಸ್‌ಸ್ಟ್ಯಾಂಡಿನಲ್ಲೂ ಬೀಳುತ್ತದೆ. ಬರವಿರುವುದು ಮಣ್ಣಿಗೆ. ನಮ್ಮ ಪಾಲಿಗೆ ಬಂದಿರುವುದು ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಬಾಲ್ಕನಿ. ಅದೂ ಪಡುವಣಕ್ಕೆ ಮುಖ ಮಾಡಿದ್ದು.

2018ರಲ್ಲಿ ನಮ್ಮ ಮದುವೆಯ ಬೆಳ್ಳಿಹಬ್ಬಕ್ಕೆ ಗೆಳೆಯರೊಬ್ಬರು ಬಿಳಿ ಹೂವಿನ ಫಲನಾಪ್ಸಿಸ್ ತಂದುಕೊಟ್ಟರು. ಪತಂಗ ರೆಕ್ಕೆ ಬಿಚ್ಚಿ ಕುಳಿತಂತಿರುವ ಹೂವು. ಗ್ರೀಕ್ ಭಾಷೆಯಲ್ಲಿ ಆ ಹೆಸರಿನ ಅರ್ಥವೂ ಅದೇ. ಹೂವು ಎರಡೂವರೆ ತಿಂಗಳು ಬಾಡಲಿಲ್ಲ. ನಾವು ಅದನ್ನು ನಮ್ಮ ಕೈಗುಣವೆಂದುಕೊಂಡೆವು! ಹೂವು ಉದುರಿದ ಮೇಲೆ ಗಿಡವನ್ನು ದೊಡ್ಡ ಕುಂಡಕ್ಕೆ ಬದಲಾಯಿಸಿ, ಕೆಂಪು ಮಣ್ಣು, ಸಗಣಿ ಗೊಬ್ಬರ ತುಂಬಿ, ಬೆಳಿಗ್ಗೆ ಸಂಜೆ ನೀರು ಹಾಕಿದೆವು. ಒಂದು ದಿನ ಎಲೆ ಮುಟ್ಟಿದರೆ ಅದು ಬುಡಸಮೇತ ಕೈಗೆ ಬಂತು, ಕೊಳೆತ ವಾಸನೆಯೊಂದಿಗೆ. ಎರಡನೆಯದನ್ನು ದುಡ್ಡು ಕೊಟ್ಟು ತಂದು, ತೂತಿಲ್ಲದ ಚೆಂದದ ಪಿಂಗಾಣಿ ಕುಂಡದಲ್ಲಿಟ್ಟೆವು. ಅದು ಒಂದು ಮಳೆಗಾಲವನ್ನೂ ದಾಟಲಿಲ್ಲ. ಒಣಗಿದ ಬೇರು ಸಮೇತ ಆ ಕುಂಡ ಬಾಲ್ಕನಿಯ ಮೂಲೆಯಲ್ಲಿ ಹಾಗೇ ಬಿದ್ದಿತ್ತು.

2020ರಲ್ಲಿ ಅಪ್ಪ ತೀರಿಕೊಂಡರು. ಮರುವರ್ಷ ಅಮ್ಮನನ್ನು ಮೂಡಿಗೆರೆಯಿಂದ ಇಲ್ಲಿಗೆ ಕರೆತಂದೆವು. (ಅಮ್ಮ ನಮ್ಮಲ್ಲೊಬ್ಬರಿಗೆ ಹೆತ್ತ ತಾಯಿ, ಇನ್ನೊಬ್ಬರಿಗೆ ಅತ್ತೆ, ಕರೆಯುವುದು ಮಾತ್ರ ಇಬ್ಬರೂ ಅಮ್ಮ ಎಂದೇ.) ಕಾಫಿ ತೋಟದ ನೆರಳಿನಲ್ಲಿ ಎಪ್ಪತ್ತು ವರ್ಷ ಕಳೆದವರು ಎರಡನೇ ಮಹಡಿಯ ಕುರ್ಚಿಯಲ್ಲಿ ಬಾಗಿಲ ಕಡೆ ನೋಡುತ್ತಾ ಕುಳಿತರು. ಕೇಳಿದ್ದಕ್ಕೆ ಉತ್ತರ, ಬಡಿಸಿದರೆ ಊಟ, ರಾತ್ರಿ ಜಪಸರ, ನಿದ್ದೆ. "ಇಲ್ಲಿ ಕಾಲಿಗೆ ಮಣ್ಣೇ ತಾಗಲ್ಲ ಮಗಾ" ಎಂದು ಒಮ್ಮೆ ಹೇಳಿದ್ದು ಬಿಟ್ಟರೆ ದೂರೆಂಬುದಿಲ್ಲ. ಆ ದೂರಿಲ್ಲದ ಮೌನವೇ ನಮಗೆ ಭಾರವಾಗಿತ್ತು. ವಾಪಸು ಕಳಿಸೋಣವೆಂದರೆ ಅಲ್ಲಿ ಬೀಗ ಹಾಕಿದ ಮನೆ. ಇಟ್ಟುಕೊಳ್ಳೋಣವೆಂದರೆ ಕಣ್ಣೆದುರೇ ಸೊರಗುತ್ತಿದ್ದಾರೆ. ರಾತ್ರಿ ಅಡುಗೆಮನೆಯಲ್ಲಿ ಪಿಸುದನಿಯಲ್ಲಿ ನಾವು ಇದನ್ನೇ ಮಾತಾಡುತ್ತಿದ್ದೆವು.

ಹಾಗಿರುವಾಗ ಒಂದು ಮಧ್ಯಾಹ್ನ ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದ ಅಮ್ಮ, ಆ ಸತ್ತ ಕುಂಡವನ್ನು ಎತ್ತಿಕೊಂಡು ಒಳಗೆ ಬಂದರು.

"ಇದು ಸೀತಾಳೆ ಜಾತಿದಲ್ವಾ? ಬೇರು ನೋಡು. ಇದನ್ನ ಈ ಪಾತ್ರೇಲಿ ಮುಳುಗಿಸಿಟ್ಟವರು ಯಾರು?"

ನಾವೇ ಎಂದೆವು. ಹಿಂದಿನದನ್ನು ಮಣ್ಣಿನಲ್ಲಿ ನೆಟ್ಟಿದ್ದನ್ನೂ ಹೇಳಿದೆವು.

"ಸೀತಾಳೆನ ಯಾರಾದ್ರೂ ಮಣ್ಣಲ್ಲಿ ನೆಡ್ತಾರಾ? ಉಸಿರು ಕಟ್ಟಿ ಸತ್ತಿದೆ ಪಾಪ."

ಇಷ್ಟುದ್ದದ ಮಾತು ಅವರ ಬಾಯಿಂದ ಬಂದು ತಿಂಗಳುಗಳಾಗಿದ್ದವು. ಮಲೆನಾಡಿನವರಿಗೆ ಸೀತಾಳೆ ದಂಡೆ ಗೊತ್ತು. ಮುಂಗಾರಿನ ಹೊತ್ತಿಗೆ ಹಲಸು, ಅತ್ತಿ ಮರಗಳ ಕೊಂಬೆಯಿಂದ ಬಿಳಿ-ನೇರಳೆ ಹೂವಿನ ಜಡೆ ಇಳಿಬಿಡುವ ಗಿಡ. ವನವಾಸದಲ್ಲಿ ಸೀತೆ ಮುಡಿದದ್ದಂತೆ. ಮರಾಠಿಯವರು ಸೀತೇಚಿ ವೇಣಿ ಎನ್ನುತ್ತಾರೆ. ಅಸ್ಸಾಮಿನಲ್ಲಿ ಇದೇ ರಾಜ್ಯಪುಷ್ಪ. ಬಿಹು ಕುಣಿಯುವ ಹುಡುಗಿಯರು ಮುಡಿಗೆ ಮುಡಿಯುತ್ತಾರೆ. ಆದರೆ ಅಂಗಡಿಯ ಆರ್ಕಿಡ್ಡಿಗೂ ತೋಟದ ಸೀತಾಳೆಗೂ ನೆಂಟಸ್ತಿಕೆಯಿದೆ ಎಂಬುದು ನಮ್ಮ ತಲೆಗೆ ಹೊಳೆದೇ ಇರಲಿಲ್ಲ.

ಅಮ್ಮ ಹೇಳಿದ ಉಸಿರಿನ ಮಾತು ಅಕ್ಷರಶಃ ನಿಜವೆಂದು ಆಮೇಲೆ ಓದಿ ತಿಳಿದುಕೊಂಡೆವು. ಮನೆಯಲ್ಲಿ ಸಾಕುವ ಹೆಚ್ಚಿನ ಆರ್ಕಿಡ್‌ಗಳು ಕಾಡಿನಲ್ಲಿ ಮರದ ತೊಗಟೆ ಹಿಡಿದು ಬೆಳೆಯುವಂಥವು. ಬೇರಿನ ಮೇಲೆ ಸ್ಪಂಜಿನಂಥ ಬಿಳಿ ಪದರವಿರುತ್ತದೆ. ಮಳೆ ಬಂದಾಗ ಅದು ಗಬಗಬನೆ ನೀರು ಹೀರಿ ಹಸಿರಾಗುತ್ತದೆ, ಗಾಳಿಗೆ ಒಣಗಿ ಮತ್ತೆ ಬೆಳ್ಳಗಾಗುತ್ತದೆ. ನೆನೆಯುವುದು, ಒಣಗುವುದು, ಎರಡೂ ಬೇಕು. ಬರೀ ನೆನೆಯುತ್ತಲೇ ಇದ್ದರೆ ಬೇರು ಕೊಳೆಯುತ್ತದೆ; ಬೇರು ಕೊಳೆತರೆ ನೀರಿನಲ್ಲೇ ನಿಂತ ಗಿಡ ಬಾಯಾರಿ ಸಾಯುತ್ತದೆ. ಬಾಡಿದ ಎಲೆ ನೋಡಿ ನಾವು ಇನ್ನಷ್ಟು ನೀರು ಸುರಿದಿದ್ದೆವು.

ಅಲ್ಲಿಂದ ಬಾಲ್ಕನಿ ಅಮ್ಮನ ಕೈಗೆ ಹೋಯಿತು. ಹೊಸದಾಗಿ ಎರಡು ಫಲನಾಪ್ಸಿಸ್, ಎರಡು ಡೆಂಡ್ರೋಬಿಯಮ್ ತಂದೆವು. ಸುತ್ತಲೂ ತೂತಿರುವ ಮಣ್ಣಿನ ಕುಂಡ, ಒಳಗೆ ಇದ್ದಿಲು, ಇಟ್ಟಿಗೆ ಚೂರು. ಗೋವಾದಲ್ಲಿ ತೆಂಗಿನ ಸಿಪ್ಪೆಗೇನು ಕೊರತೆ! ಅದನ್ನು ಮೂರು ನಾಲ್ಕು ದಿನ ನೀರು ಬದಲಿಸುತ್ತಾ ನೆನೆಸಿ, ಕಂದು ಬಣ್ಣದ ಚೊಗರು ಹೋದ ಮೇಲಷ್ಟೇ ತುಸು ಬೆರೆಸಬೇಕು. ಹೆಚ್ಚು ಹಾಕಿದರೆ ಮಳೆಗಾಲದಲ್ಲಿ ಅದೇ ಕೊಳೆತು ಬೇರನ್ನೂ ಕೊಳೆಸುತ್ತದೆ. ಫಲನಾಪ್ಸಿಸ್‌ಗೆ ನೇರ ಬಿಸಿಲು ಆಗದು. ಅದನ್ನು ಊಟದ ಕೋಣೆಯ ಮೂಡಣ ಕಿಟಕಿಗೆ ಇಟ್ಟೆವು. ಡೆಂಡ್ರೋಬಿಯಮ್‌ಗೆ ಬೆಳಕು ಹೆಚ್ಚು ಬೇಕು, ಆದ್ದರಿಂದ ಬಾಲ್ಕನಿಗೆ ಹಸಿರು ಬಲೆ ಕಟ್ಟಿ ಅದರಡಿ ತೂಗುಹಾಕಿದೆವು. ನೀರು ಬೆಳಿಗ್ಗೆ ಮಾತ್ರ, ಬೇರು ಬೆಳ್ಳಗಾಗಿದ್ದರೆ ಮಾತ್ರ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಬಟ್ಟೆಯ ತುದಿಯಿಂದ ಒತ್ತಿ ತೆಗೆಯಬೇಕು. 19:19:19 ಗೊಬ್ಬರ ಲೀಟರ್ ನೀರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಅದಕ್ಕಿಂತ ಹೆಚ್ಚು ಕೊಡುವ ಉದಾರತನ ಬೇಡ.

ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆ ನಾಲ್ಕು ತಿಂಗಳು ನೀರು ಹಾಕುವುದಲ್ಲ, ನೀರಿನಿಂದ ಕಾಪಾಡುವುದೇ ಕೆಲಸ. ಇರಚಲು ಬಡಿಯದಂತೆ ಒಳಗೆ ಸರಿಸಬೇಕು, ಗಾಳಿ ಮಾತ್ರ ಆಡುತ್ತಿರಬೇಕು. ರಾತ್ರಿ ಬಸವನಹುಳು ಬಂದು ಎಳೆ ಬೇರಿನ ತುದಿಯನ್ನೇ ಮೇಯುತ್ತದೆ. ಅಮ್ಮ ಟಾರ್ಚು ಹಿಡಿದು ಹೊರಡುತ್ತಾರೆ, ಹಿಡಿದದ್ದನ್ನು ಉಪ್ಪಿನ ನೀರಿಗೆ ಹಾಕುತ್ತಾರೆ. ಚಳಿಗಾಲದಲ್ಲಿ ಇನ್ನೊಂದು ವಿಷಯ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಇಲ್ಲಿ ಸೆಖೆ ಸುಮಾರು 20 ಡಿಗ್ರಿಗೆ ಇಳಿಯುತ್ತದಲ್ಲ, ಫಲನಾಪ್ಸಿಸ್ ಹೂಕಾಂಡ ಬಿಡಲು ಕಾಯುವುದು ಆ ತಂಪಿಗೇ. ಎಸಿ ಇಲ್ಲದೆ ಹೂವು ಬರುವುದಿಲ್ಲವೆಂದು ಯಾರೋ ನಮ್ಮನ್ನು ಹೆದರಿಸಿದ್ದರು. 2023ರ ಜನವರಿಯಲ್ಲಿ ಕಿಟಕಿ ತೆರೆದಿಟ್ಟಿದ್ದಕ್ಕೇ ಕಾಂಡ ಬಂತು.

ಕೆಳಗಿನ ಮನೆಯ ಧಾರವಾಡದ ಕಡೆಯವರು ಒಮ್ಮೆ ಬಂದವರು ತೂಗುಗಿಡ ನೋಡಿ, "ಇದು ಬದನಿಕಿ ಅಲ್ಲೇನ್ರಿ ಅಮ್ಮಾರ? ಗಿಡದ ರಸ ಹೀರತದ" ಎಂದರು. ಅಮ್ಮನಿಗೆ ಕೋಪವೇ ಬಂತು. "ಬದನಿಕೆ ಮರದ ರಕ್ತ ಕುಡಿಯುತ್ತೆ. ಇದು ಮರದ ಮೇಲೆ ಕೂತ್ಕೊಳ್ಳುತ್ತೆ ಅಷ್ಟೆ, ಬಾಡಿಗೆ ಮನೆಯವರ ಹಾಗೆ. ತನ್ನ ಊಟ ತಾನೇ ಮಾಡ್ಕೊಳ್ಳುತ್ತೆ" ಎಂದರು. ಅವರು ಹೋದ ಮೇಲೆ ನಮ್ಮ ಕಡೆ ತಿರುಗದೆಯೇ, "ಮಣ್ಣಿಲ್ಲದೆ ಬದುಕೋದು ಇದಕ್ಕೆ ಗೊತ್ತು. ನನಗಿನ್ನೂ ಬಂದಿಲ್ಲ" ಎಂದರು. ನಮಗೆ ಏನು ಹೇಳಬೇಕೆಂದು ತೋಚಲಿಲ್ಲ.

ಆರ್ಕಿಡ್ ಎಂದರೆ ಅಪ್ಪನ ವೆನಿಲ್ಲಾವೂ ನೆನಪಾಗುತ್ತದೆ. ಅದೂ ಇದೇ ಕುಟುಂಬದ ಬಳ್ಳಿ. ಬೆಲೆ ಮುಗಿಲಿಗೇರಿದ್ದಾಗ ಮಲೆನಾಡಿನ ಎಲ್ಲರಂತೆ ಅಪ್ಪನೂ ಸಾಲ ಮಾಡಿ ಬೇಲಿಗುಂಟ ಹಬ್ಬಿಸಿದರು. ಅದರ ಹೂವು ಅರಳುವುದು ಒಂದೇ ದಿನ. ಆ ಬೆಳಿಗ್ಗೆಯೇ ಕಡ್ಡಿಯಿಂದ ಒಂದೊಂದಕ್ಕೂ ಪರಾಗ ಮುಟ್ಟಿಸಬೇಕು. ಆ ಸುಲಭ ವಿಧಾನವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಕೊಂಡವನು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ. ಜಗತ್ತಿನ ವೆನಿಲ್ಲಾ ಕೃಷಿ ನಿಂತಿರುವುದು ಆ ಹುಡುಗನ ಬೆರಳಿನ ಮೇಲೆ. ಅವನು ಸತ್ತದ್ದು ಬಡತನದಲ್ಲಿ. ನಮ್ಮ ಬೇಲಿಯಲ್ಲಿ ಆ ಕೆಲಸ ಮಾಡುತ್ತಿದ್ದವರು ಅಮ್ಮ. ಕಾಯಿ ಕೊಯ್ಯುವ ಹೊತ್ತಿಗೆ ಬೆಲೆ ನೆಲಕಚ್ಚಿತ್ತು. ಸಾಲ ತೀರಲು ಆರು ವರ್ಷ ಬೇಕಾಯಿತು. ಈಗಲೂ ಡೆಂಡ್ರೋಬಿಯಮ್ ಹೂವಿನೊಳಗೆ ಬೆರಳಿಟ್ಟು ಪರಾಗದ ಹಳದಿ ಗಂಟನ್ನು ಮೊಮ್ಮಗಳಿಗೆ ತೋರಿಸುವಾಗ ಅಮ್ಮನ ಕೈ ನಡುಗುವುದಿಲ್ಲ.

ಇನ್ನು ಆ ಮೂರನೆಯ ಗಿಡ. ಸುಮಾರು 2009ರಲ್ಲಿ ಮಕ್ಕಳೊಂದಿಗೆ ಮೊಲ್ಲೆಂ ಕಾಡಿನ ಕಡೆ ತಿರುಗಾಡಲು ಹೋಗಿದ್ದಾಗ, ಕೈಗೆಟುಕುವ ಕೊಂಬೆಯ ಮೇಲೆ ಹೂಬಿಟ್ಟ ಗಿಡವೊಂದನ್ನು ನಾವು ಎಳೆದು ಕಿತ್ತು ಚೀಲಕ್ಕೆ ಹಾಕಿಕೊಂಡು ಬಂದೆವು. ಅದು ಅಭಯಾರಣ್ಯ, ಅಲ್ಲಿಂದ ಗಿಡ ಕೀಳುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ಗೊತ್ತಿರಲಿಲ್ಲ ಎನ್ನುವಂತಿಲ್ಲ, ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿಯೇ ಕಿತ್ತದ್ದು. ಮಕ್ಕಳು ನೋಡುತ್ತಿದ್ದರು. ಗಿಡ ಎರಡು ತಿಂಗಳಲ್ಲಿ ಸತ್ತಿತು.

ಇಷ್ಟಾದರೂ ಬುದ್ಧಿ ಬರಲಿಲ್ಲ ನೋಡಿ. 2022ರಲ್ಲಿ ಹೆದ್ದಾರಿ ಬದಿ ಒಬ್ಬ ಹುಡುಗ ಸೀತಾಳೆ ಗಿಡಗಳನ್ನು ಸೊಪ್ಪಿನ ಕಟ್ಟಿನಂತೆ ಕಟ್ಟಿ ಮಾರುತ್ತಿದ್ದ. ಅಮ್ಮನಿಗೆ ಖುಷಿಯಾಗಲೆಂದು ಒಂದು ಕಟ್ಟು ತಂದೆವು. ಅಮ್ಮ ಬೇರನ್ನು ತಿರುಗಿಸಿ ನೋಡಿದರು. ಎಲ್ಲವೂ ಅರ್ಧಕ್ಕೆ ತುಂಡಾಗಿದ್ದವು. "ಎಳೆದು ಕಿತ್ತಿದಾರೆ. ಇದು ನನಗೆ ಬೇಡ. ನೀವು ತಗೊಂಡ್ರೆ ಅವನು ನಾಳೆ ಇನ್ನೊಂದು ಮರ ಹತ್ತುತಾನೆ" ಎಂದರು. ಆಗ ಮೊಲ್ಲೆಂ ಕಥೆಯನ್ನೂ ಅವರ ಮುಂದೆ ಹೇಳಿದೆವು. ಅವರು ಬೈಯಲಿಲ್ಲ. "ಮಕ್ಕಳಿಗೆ ಹೇಳಿದೀರಾ ತಪ್ಪಾಯ್ತು ಅಂತ?" ಎಂದು ಮಾತ್ರ ಕೇಳಿದರು. ಆ ಭಾನುವಾರ ಮಗನಿಗೆ ಫೋನ್ ಮಾಡಿ, ಮಗಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದೆವು. ಮಗ ನಕ್ಕ. ಮಗಳಿಗೆ ಚೆನ್ನಾಗಿ ನೆನಪಿತ್ತು.

ಕಾಡಿನ ಆರ್ಕಿಡ್ ಸುಲಭಕ್ಕೆ ಹುಟ್ಟುವುದಿಲ್ಲ. ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿ ಇರುವುದಿಲ್ಲ. ಗೊತ್ತಾದ ಶಿಲೀಂಧ್ರವೊಂದು ಆಹಾರ ಕೊಟ್ಟರಷ್ಟೇ ಮೊಳಕೆ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಲೋಳೆಯ ಮೇಲೆ ಶಿಲೀಂಧ್ರವಿಲ್ಲದೆ ಬೀಜ ಮೊಳೆಯಿಸಿ ತೋರಿಸಿದ. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಗಿಡದ ಎಳೆ ತುದಿಯ ಚೂರಿನಿಂದಲೇ ಅನೇಕ ಗಿಡ ಮಾಡುವ ದಾರಿ ತೋರಿಸಿದ. ಅದರಿಂದಲೇ ಇಂದು ನರ್ಸರಿಯಲ್ಲಿ ನಮ್ಮಂಥವರ ಕೈಗೂ ಎಟುಕುವ ಬೆಲೆಗೆ ಆರ್ಕಿಡ್ ಸಿಗುವುದು. ಮರ ಹತ್ತುವ ಅಗತ್ಯ ಯಾರಿಗೂ ಇಲ್ಲ.

ಆದರೂ ಅಮ್ಮನಿಗೆ ಬೇಕಿದ್ದದ್ದು ಸೀತಾಳೆಯೇ. ಅದೇ ವರ್ಷ ಮಳೆಗಾಲದಲ್ಲಿ ಊರ ಮನೆಯ ಹಿತ್ತಲಿನ ಹಲಸಿನ ಮರ ಬಿದ್ದಿದೆಯೆಂದು ಚಿಕ್ಕಮ್ಮ ಫೋನ್ ಮಾಡಿದರು. ನಮ್ಮಲ್ಲೊಬ್ಬರು ಹೊರಟೆವು. ಬಿದ್ದ ಕೊಂಬೆಯಲ್ಲಿ ಅಂಟಿಕೊಂಡಿದ್ದ ಒಂದು ಸೀತಾಳೆಯನ್ನು ತೊಗಟೆ ಸಮೇತ ಎರಡಡಿ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಚಾರ್ಮಾಡಿ ಘಾಟಿ ಇಳಿದು ಮಂಗಳೂರು, ಅಲ್ಲಿಂದ ಕೊಂಕಣ ರೈಲಿನಲ್ಲಿ ಮಡಗಾಂವ್. ದಾರಿಯುದ್ದಕ್ಕೂ ಮಡಿಲಲ್ಲಿ ಕೂಸಿನಂತೆ. ಟಿಕೆಟ್ ನೋಡಲು ಬಂದವರು, ಇದೇನು ಸೌದೆ ಹೊತ್ತುಕೊಂಡು ಎಂದು ಕೇಳಿದರು. ಅಮ್ಮ ತಮ್ಮ ಹಳೆ ಸೀರೆಯ ಅಂಚು ಹರಿದು, ಸಡಿಲಾಗಿದ್ದ ಬೇರುಗಳನ್ನು ಕೊಂಬೆಗೆ ಬಿಗಿದು, ಬಾಲ್ಕನಿಯ ಕೊಕ್ಕೆಗೆ ತೂಗುಹಾಕಿದರು.

ಮೊದಲ ಬೇಸಿಗೆಯಲ್ಲಿ ಎರಡು ಎಲೆ ಉದುರಿದವು. ವಾಸ್ಕೋದ ಕಪ್ಪು ಧೂಳು ಎಲೆಗೆ ಮೆತ್ತಿಕೊಳ್ಳುತ್ತಿತ್ತು. ಅಮ್ಮ ದಿನಾ ಒದ್ದೆ ಬಟ್ಟೆಯಿಂದ ಒರೆಸಿದರು. ಮಾರ್ಚ್‌ನಿಂದ ಮೇವರೆಗೆ ದಿನವೂ ಬೆಳಿಗ್ಗೆ ನೀರು ಚಿಮುಕಿಸಿದರು. ಮಳೆಗಾಲದಲ್ಲಿ ಹಿಡಿದಿಟ್ಟಿದ್ದ ಮಳೆನೀರು ಇದಕ್ಕೇ ಮೀಸಲು, ನಮಗಾರಿಗೂ ಮುಟ್ಟುವ ಅಪ್ಪಣೆಯಿರಲಿಲ್ಲ. ಆ ವರ್ಷ ಹೂವಿಲ್ಲ. ನಡುವೆ ಅಮ್ಮ ಊರಿಗೆ ಹೋಗುತ್ತೇನೆಂದು ಚೀಲ ಕಟ್ಟಿದ್ದೂ ಉಂಟು. ಗಿಡಕ್ಕೆ ನೀರು ಹಾಕುವವರು ಯಾರೆಂದು ಮಗಳು ಕೇಳಿದಳು. ಚೀಲ ಬಿಚ್ಚಿದರೋ, ಅಥವಾ ಬಿಸಿಲಿಗೆ ಬೇಸತ್ತು ಸುಮ್ಮನಾದರೋ, ನಾವು ಕೆದಕಲಿಲ್ಲ.

2024ರ ಮೇ ಕೊನೆಯಲ್ಲಿ ಎಲೆಯ ಸಂದಿನಿಂದ ಬೆರಳುದ್ದದ ಒಂದು ಜಡೆ ಇಣುಕಿತು. ಜೂನ್ ಎರಡನೇ ವಾರಕ್ಕೆ ಪೂರ್ತಿ ಇಳಿಬಿತ್ತು. ಅಮ್ಮ ಕನ್ನಡಕ ಹಾಕಿ ಎಣಿಸಿದರು, ಅರವತ್ತೆರಡು ಹೂವು. ಚಿಕ್ಕಮ್ಮನಿಗೆ ಫೋನ್ ಮಾಡಿ, "ಇಲ್ಲೂ ಬಂತು ಕಣೇ" ಎಂದರು. ಆಚೆ ಅವರೇನು ಹೇಳಿದರೋ, ಬಹಳ ಹೊತ್ತು ನಗುತ್ತಿದ್ದರು. ಚರ್ಚಿನಲ್ಲಿ ಹೂವಿನ ಅಲಂಕಾರ ಮಾಡುವ ಸಹೋದರಿಯೊಬ್ಬರು ಬಲಿಪೀಠಕ್ಕೆ ಕೊಡುತ್ತೀರಾ ಎಂದು ಕೇಳಿದ್ದಕ್ಕೆ, ಡೆಂಡ್ರೋಬಿಯಮ್ ನಾಲ್ಕು ಕಡ್ಡಿ ಕತ್ತರಿಸಿಕೊಟ್ಟರು, ಸೀತಾಳೆ ಮುಟ್ಟಗೊಡಲಿಲ್ಲ.

ಎರಡು ವಾರ ಕಳೆದು ಹೂವು ಉದುರತೊಡಗಿತು. ಬಾಲ್ಕನಿ ಗುಡಿಸುತ್ತಿದ್ದ ಅಮ್ಮ ಒಳಗೆ ಇಣುಕಿ, "ಆ ಕಡೆ ಮೂಲೇಲಿ ಇನ್ನೊಂದು ಕೊಕ್ಕೆ ಹೊಡೆಸು ಮಗಾ. ಬುಡದಲ್ಲಿ ಮರಿ ಬರ್ತಾ ಇದೆ" ಎಂದರು.