ಹೆಸರು ಹಿಡಿದು ಕರೆಯುವವರು

ಈ ಮಳೆಗಾಲದಲ್ಲಿ ಪರ್ಸಿ ಜಾಕ್ಸನ್ ಸರಣಿಯ ಮೊದಲ ಐದು ಪುಸ್ತಕಗಳನ್ನು ಮತ್ತೆ ಓದಿದೆ. ರಿಕ್ ರಿಯೊರ್ಡಾನ್ ಬರೆದ ಈ ಸರಣಿಯ ಮೊದಲ ಪುಸ್ತಕ ‘ದಿ ಲೈಟ್ನಿಂಗ್ ಥೀಫ್’ ಬಂದದ್ದು 2005ರಲ್ಲಿ. ಕೃಷ್ಣೆ ಉಕ್ಕಿ ನಮ್ಮ ಸೀಮೆಯ ಊರುಗಳಿಗೆ ನುಗ್ಗಿದ್ದೂ ಅದೇ ವರ್ಷ. ಕೊಯ್ನಾದಿಂದ ನೀರು ಬಿಟ್ಟರಂತೆ, ರಾಜಾಪುರ ಬ್ಯಾರೇಜು ತುಂಬಿತಂತೆ, ಉಗಾರಕ್ಕೆ ಹೋಗುವ ಸೇತುವೆ ಮುಳುಗಿತಂತೆ ಎಂಬ ಮಾತು ಕೇಳುತ್ತಲೇ ಕುಡಚಿಯಲ್ಲಿ ಬೆಳೆದವಳು ನಾನು. ಗ್ರೀಕ್ ಪುರಾಣದ ಸಮುದ್ರದೇವ ಪೊಸೈಡನ್ನನ ಮಗ, ನೀರೇ ಮಾತು ಕೇಳುವ ಹುಡುಗ ಪರ್ಸಿ ನನಗೆ ಹೊರಗಿನವನೆನಿಸಲೇ ಇಲ್ಲ.

ಮೊದಲ ಸಲ ಓದಿದ್ದು ಕಾಳಗಕ್ಕಾಗಿ. ಗೂಳಿಮುಖದ ಮಿನೊಟಾರ್, ಹಾವುಗೂದಲಿನ ಮೆಡುಸಾ, ಮಿಂಚು ಕದ್ದವರ ಬೇಟೆ. ಈ ಸಲ ಮನಸ್ಸು ಹರ್ಮಿಸ್‌ನ ಬಿಡಾರದಲ್ಲಿ ನಿಂತುಬಿಟ್ಟಿತು. ದೇವತೆಗಳಿಗೆ ಮನುಷ್ಯರಲ್ಲಿ ಹುಟ್ಟಿದ ಮಕ್ಕಳ ಶಿಬಿರದಲ್ಲಿ ಹರ್ಮಿಸ್ ದೇವನ ಹೆಸರಿನ ಬಿಡಾರ ಅದು. ಅಪ್ಪನೋ ಅವ್ವನೋ ‘ಇದು ನನ್ನ ಕೂಸು’ ಎಂದು ಒಪ್ಪಿಕೊಳ್ಳುವ ತನಕ ಮಕ್ಕಳೆಲ್ಲ ಆ ಒಂದೇ ಬಿಡಾರದಲ್ಲಿ ಒತ್ತೊತ್ತಾಗಿ ಮಲಗಬೇಕು. ಹೊಸದಾಗಿ ಬಂದ ಪರ್ಸಿಗೆ ಸಿಗುವುದು ನೆಲದ ಮೇಲೆ ಒಂದಿಷ್ಟು ಜಾಗ. ಹಾಸಿಗೆಚೀಲ ತಂದುಕೊಡುವವನು ಹರ್ಮಿಸ್‌ನ ಮಗ ಲ್ಯೂಕ್. ಅದೇ ಲ್ಯೂಕ್ ಮುಂದೆ ದೇವತೆಗಳ ವೈರಿಯನ್ನು ಸೇರುತ್ತಾನೆ. ತಂದೆ ಇದ್ದೂ ಇಲ್ಲದಂತಾದ ಮಗನ ಸಿಟ್ಟು ಅದು. ಒಪ್ಪಿಕೊಳ್ಳದೆ ಬಿಟ್ಟ ಮಕ್ಕಳು ಎಷ್ಟೋ ಮಂದಿ ಅವನ ಹಿಂದೆ ನಡೆಯುತ್ತಾರೆ.

ಇದು ನಮಗೆ ಹಳೆಯ ಸಂಕಟ. ಕರ್ಣನ ಕಥೆ ಹೇಳುವಾಗ ನಮ್ಮ ಆಯಿ ಪ್ರತಿಸಲವೂ ಒಂದು ಕಡೆ ತಡೆಯುತ್ತಿದ್ದಳು: “ಹಡದಾಕಿ ಎದುರಿಗೇ ಕುಂತಾಳ. ಇಂವಾ ನನ್ನ ಮಗಾ ಅನ್ನಾಕ ಬಾಯಿ ಬರಲಿಲ್ಲ ನೋಡವಾ!” ಕುಲ ಯಾವುದೆಂದು ತುಂಬಿದ ಸಭೆಯಲ್ಲಿ ಕೃಪ ಕೇಳುತ್ತಾನೆ, ಕರ್ಣ ತಲೆ ತಗ್ಗಿಸುತ್ತಾನೆ. ಸೂರ್ಯನ ಮಗನಾಗಿದ್ದೂ ಆ ಹೊತ್ತಿಗೆ ಅವನ ಕೈಹಿಡಿದವನು ದುರ್ಯೋಧನ. ಆ ಋಣಕ್ಕೆ ಅವನು ಪ್ರಾಣವನ್ನೇ ಕೊಟ್ಟ.

2009ರಲ್ಲಿ ಬಂದ ಐದನೆಯ ಪುಸ್ತಕದಲ್ಲಿ, ಆ ವೈರಿಯ ವಿರುದ್ಧ ಗೆದ್ದ ಪರ್ಸಿಗೆ ದೇವತೆಗಳು ಅಮರತ್ವವನ್ನೇ ನೀಡಲು ಬರುತ್ತಾರೆ. ಅವನು ಬೇಡವೆನ್ನುತ್ತಾನೆ. ನಿಮ್ಮ ಮಕ್ಕಳನ್ನೆಲ್ಲ ಹದಿಮೂರು ತುಂಬುವುದರೊಳಗೆ ನಿಮ್ಮವರೆಂದು ಒಪ್ಪಿಕೊಳ್ಳಿ, ಸಣ್ಣಪುಟ್ಟ ದೇವತೆಗಳ ಮಕ್ಕಳಿಗೂ ಶಿಬಿರದಲ್ಲಿ ಸ್ವಂತ ಬಿಡಾರವಿರಲಿ ಎಂದು ಕೇಳುತ್ತಾನೆ. ಚಿಕ್ಕವಳಿದ್ದಾಗ ಇದು ಸಪ್ಪೆ ವರವೆನಿಸಿತ್ತು. ಕರ್ಣನನ್ನು ಪಕ್ಕದಲ್ಲಿಟ್ಟುಕೊಂಡು ಓದಿದ ಮೇಲೆ ಇದಕ್ಕಿಂತ ದೊಡ್ಡ ವರವಿಲ್ಲವೆನಿಸುತ್ತದೆ.

ಈ ಸರಣಿ ಹುಟ್ಟಿದ್ದೂ ಒಬ್ಬ ತಂದೆಯ ಅಕ್ಕರೆಯಿಂದ. ರಿಯೊರ್ಡಾನ್ ಶಾಲಾ ಶಿಕ್ಷಕರಾಗಿದ್ದವರು. ಅವರ ಮಗನಿಗೆ ಅಕ್ಷರ ಕೂಡಿಸಿ ಓದುವುದು ಕಷ್ಟ, ಒಂದೆಡೆ ಕೂರುವುದೂ ಕಷ್ಟ. ಗ್ರೀಕ್ ಪುರಾಣವೆಂದರೆ ಮಾತ್ರ ಪ್ರೀತಿ. ಮಲಗುವ ಹೊತ್ತಿಗೆ ಹೇಳಲು ಪುರಾಣದ ಕಥೆಗಳು ಮುಗಿದಾಗ, ಮಗನಿಗಿದ್ದ ತೊಡಕುಗಳೇ ಇರುವ ಒಬ್ಬ ವೀರನನ್ನು ಅವರು ಕಟ್ಟಿದರು. ನಿನ್ನ ತೊಡಕೇ ನಿನ್ನ ಬಲವೆಂದು ಮಗನಿಗೆ ಕಥೆಯಲ್ಲೇ ಹೇಳಿದರು.

ಒಪ್ಪಿಕೊಳ್ಳುವವರಿಗಾಗಿ ಕಾಯುವ ಮಕ್ಕಳು ನಮ್ಮಲ್ಲೂ ಇದ್ದಾರೆ. ನಮ್ಮ ಸೀಮೆಯಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದರೆ ದೂರದೂರದಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಹೊಲದ ಬದಿಯಲ್ಲಿ ಗುಡಿಸಲು ಏಳುತ್ತವೆ. ನಸುಕಿನಲ್ಲೇ ತಾಯ್ತಂದೆ ಕಬ್ಬಿನ ಫಡಕ್ಕೆ ಹೋದರೆ, ದೊಡ್ಡ ಹುಡುಗಿ ಸಣ್ಣ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಗುಡಿಸಲು ಕಾಯುತ್ತಾಳೆ. ಆ ಮಕ್ಕಳನ್ನು ತಾಯ್ತಂದೆಯರು ಮರೆತಿಲ್ಲ, ಒಪ್ಪಿಕೊಳ್ಳಬೇಕಾದವರು ನಾವು. ಊರ ಶಾಲೆಯ ಗಂಟೆ ಅವರಿಗೂ ಕೇಳಿಸುತ್ತದೆ, ಆದರೆ ಒಳಗೆ ಅವರ ಹೆಸರು ಕೂಗುವವರಿಲ್ಲದಿದ್ದರೆ ಆ ಗಂಟೆ ಅವರದಲ್ಲ. ಗುಡಿಸಲು ಎದ್ದ ವಾರದಲ್ಲೇ ಆ ಮಕ್ಕಳ ಹೆಸರು ಹತ್ತಿರದ ಶಾಲೆಯ ಹಾಜರಿ ಪುಸ್ತಕಕ್ಕೆ ಹತ್ತಬೇಕು. ಪರ್ಸಿ ದೇವತೆಗಳಿಂದ ಮಾಡಿಸಿದ್ದು ಇದನ್ನೇ. ನಮ್ಮಲ್ಲಿ ಇದಕ್ಕೆ ದೇವತೆಗಳು ಬೇಕಿಲ್ಲ, ಊರಿನವರು ಮನಸ್ಸು ಮಾಡಿದರೆ ಸಾಕು.