ಬೇರೆಯವರ ಕುರ್ಚಿ

2023ರ ಸೆಪ್ಟೆಂಬರ್ 20ಕ್ಕೆ ಲೋಕಸಭೆಯಲ್ಲಿ ಮಹಿಳಾ ಮೀಸಲಾತಿ ಮಸೂದೆ ಪಾಸಾಯ್ತು. ಪರವಾಗಿ 454 ವೋಟು, ವಿರುದ್ಧ ಬರೀ 2. ಮಾರನೇ ದಿನ ರಾಜ್ಯಸಭೆಯಲ್ಲಿ 214 ಜನ ಪರ, ವಿರೋಧ ಸೊನ್ನೆ. ನಮ್ಮ ಆಫೀಸಿನ ಐದು ಜನರ ಟೀಮಿನಲ್ಲಿ ಮಧ್ಯಾಹ್ನ ಎಲ್ಲಿ ಊಟ ಮಾಡೋದು ಅನ್ನೋದಕ್ಕೂ ಇಷ್ಟು ಒಮ್ಮತ ಇರಲ್ಲ. ದಿನಾ ಬೆಳಿಗ್ಗೆ ಒಬ್ಬರ ಮೇಲೊಬ್ಬರು ಕೂಗಾಡುವ ಪಕ್ಷಗಳೆಲ್ಲ ಇದ್ದಕ್ಕಿದ್ದಂಗೆ ಒಂದೇ ಮಾತು ಹೇಳಿದ್ರೆ ನನಗೆ ಸ್ವಲ್ಪ ಅನುಮಾನ ಬರುತ್ತೆ. ಹಳ್ಳಿಯವನ ಬುದ್ಧಿ ಅಂದ್ಕೊಳ್ಳಿ.

ಅನುಮಾನಕ್ಕೆ ಕಾರಣ ಕಾನೂನಿನ ಒಳಗೇ ಇದೆ. ಈ ಕಾನೂನು ಬಂದ ಮೇಲೆ ಮೊದಲು ಒಂದು ಜನಗಣತಿ ಆಗಬೇಕು, ಅದರ ಅಂಕಿ ಪ್ರಕಟ ಆಗಬೇಕು, ಆ ಅಂಕಿ ಇಟ್ಕೊಂಡು ಕ್ಷೇತ್ರ ಪುನರ್ವಿಂಗಡಣೆ ಆಗಬೇಕು. ಅದೆಲ್ಲ ಆದ ಮೇಲೆ ಲೋಕಸಭೆ ಮತ್ತು ವಿಧಾನಸಭೆಗಳ ಮೂರನೇ ಒಂದು ಭಾಗ ಸೀಟು ಹೆಂಗಸರಿಗೆ. 2021ರಲ್ಲಿ ಆಗಬೇಕಿದ್ದ ಜನಗಣತಿಯೇ 2023ರಲ್ಲಿ ಮಸೂದೆ ಪಾಸಾದಾಗ ಇನ್ನೂ ಆಗಿರಲಿಲ್ಲ. ಪುನರ್ವಿಂಗಡಣೆಯದ್ದಂತೂ ಬೇರೆಯೇ ಜಗಳ. ಯಾವ ರಾಜ್ಯಕ್ಕೆ ಎಷ್ಟು ಸಂಸದರು ಅನ್ನೋ ಲೆಕ್ಕ 1971ರ ಜನಗಣತಿಗೇ ನಿಂತಿದೆ. ಹೊಸ ಲೆಕ್ಕ ಹಾಕಿದ್ರೆ ಜನಸಂಖ್ಯೆ ಹಿಡಿತಕ್ಕೆ ತಂದ ದಕ್ಷಿಣದ ರಾಜ್ಯಗಳ ತೂಕ ಕಡಿಮೆ ಆಗುತ್ತೆ, ನಮ್ಮ 28 ಸೀಟಿನ ಗತಿ ಏನು ಅಂತ ಭಯ. ಆ ಜಗಳ ಮುಗಿಯೋ ತನಕ ಇದೂ ಕಾಯಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕೋಡ್ ಮರ್ಜ್ ಆಗಿದೆ, ಕೇಕ್ ಕಟ್ ಮಾಡಿಯೂ ಆಗಿದೆ. ರಿಲೀಸ್ ಮಾತ್ರ ಆಗಿನ್ನೂ ಶುರುವೇ ಆಗದಿದ್ದ ಎರಡು ಪ್ರಾಜೆಕ್ಟಿನ ಮೇಲೆ ನಿಂತಿದೆ.

ಇಲ್ಲಿಗೆ ಬರೋದಕ್ಕೇ 27 ವರ್ಷ ಹಿಡೀತು. ಮೊದಲ ಮಸೂದೆ ತಂದಿದ್ದು ನಮ್ಮ ಪಕ್ಕದ ಹಾಸನ ಜಿಲ್ಲೆಯ ದೇವೇಗೌಡರ ಸರ್ಕಾರ, 1996ರ ಸೆಪ್ಟೆಂಬರಿನಲ್ಲಿ. 1998ರಲ್ಲಿ ಕಾನೂನು ಸಚಿವ ತಂಬಿದೊರೈ ಅವರ ಕೈಯಿಂದ ಆರ್‌ಜೆಡಿ ಸಂಸದರೊಬ್ಬರು ಮಸೂದೆಯ ಪ್ರತಿ ಕಿತ್ಕೊಂಡು ಹರಿದು ಹಾಕಿದ್ರು. 2010ರ ಮಾರ್ಚ್ 9ಕ್ಕೆ ರಾಜ್ಯಸಭೆಯಲ್ಲಿ ಪಾಸಾಯ್ತು, ಗಲಾಟೆ ಮಾಡಿದವರನ್ನ ಮಾರ್ಷಲ್‌ಗಳು ಹೊರಗೆ ಹಾಕಬೇಕಾಯ್ತು. ಲೋಕಸಭೆಗೆ ಬರಲೇ ಇಲ್ಲ, 2014ಕ್ಕೆ ಬಿದ್ದುಹೋಯ್ತು. ವಿರೋಧಿಸಿದವರ ಮಾತೆಲ್ಲ ಪೊಳ್ಳು ಅಂತ ನಾನು ಹೇಳಲ್ಲ. ಒಳಮೀಸಲಾತಿ ಇಲ್ಲದಿದ್ರೆ ಓದಿದ, ದುಡ್ಡಿದ್ದ ಮನೆಯ ಹೆಂಗಸರೇ ಎಲ್ಲ ಸೀಟು ಹಿಡೀತಾರೆ ಅನ್ನೋದು ಯೋಚನೆ ಮಾಡಬೇಕಾದ ಮಾತೇ. ಆದ್ರೆ ಅದನ್ನ ಹೇಳಿದ ಪಕ್ಷಗಳು ತಮ್ಮ ಟಿಕೆಟ್ಟನ್ನ ಹಿಂದುಳಿದ ಜಾತಿಯ ಹೆಂಗಸರಿಗೆ ಕೊಡೋದಕ್ಕೆ ಯಾವ ಕಾನೂನೂ ಅಡ್ಡ ಬಂದಿರಲಿಲ್ಲ.

ಇದನ್ನೆಲ್ಲ ಓದುವಾಗ ನನಗೆ ವಿಚಿತ್ರ ಅನಿಸೋದು ಯಾಕಂದ್ರೆ ನಾನು ಬೆಳೆದ ಕಡೆ ಹೆಂಗಸು ವೋಟಿಗೆ ನಿಲ್ಲೋದು, ಗೆಲ್ಲೋದು ದೊಡ್ಡ ಸುದ್ದಿಯೇ ಅಲ್ಲ. ನಮ್ಮದು ಮೂಡಿಗೆರೆ. 1978ರಲ್ಲಿ ಇಂದಿರಾ ಗಾಂಧಿಗೆ ರಾಜಕೀಯದಲ್ಲಿ ಮರುಜೀವ ಕೊಟ್ಟ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ ನಮ್ಮದು. ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ರು, ವೀರೇಂದ್ರ ಪಾಟೀಲರು ಎದುರಾಳಿ. ಆಗಿನ ಕಥೆಯನ್ನ ನಮ್ಮೂರ ಮುದುಕರು ಇವತ್ತಿಗೂ ನಿನ್ನೆ ಆದಂಗೆ ಹೇಳ್ತಾರೆ. ಆಮೇಲೆ ಡಿ.ಕೆ. ತಾರಾದೇವಿ ಸಂಸದೆ ಆದ್ರು, ದೆಹಲಿಯಲ್ಲಿ ಮಂತ್ರಿಯೂ ಆದ್ರು. ಕ್ಷೇತ್ರ ಉಡುಪಿ ಚಿಕ್ಕಮಗಳೂರು ಆದ ಮೇಲೆ 2014, 2019ರಲ್ಲಿ ಶೋಭಾ ಕರಂದ್ಲಾಜೆ. ವಿಧಾನಸಭೆಗೆ ಮೋಟಮ್ಮ, ಆಮೇಲೆ 2023ರಲ್ಲಿ ಸಾವಿರಕ್ಕೂ ಕಡಿಮೆ ಅಂತರದಲ್ಲಿ ಗೆದ್ದ ಅವರ ಮಗಳು ನಯನಾ.

ಮೋಟಮ್ಮನವರು ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಖಾತೆ ನೋಡ್ತಿದ್ದಾಗಲೇ, 2000ದ ಹೊತ್ತಿಗೆ, ಸ್ತ್ರೀಶಕ್ತಿ ಸಂಘಗಳು ಶುರುವಾಗಿದ್ದು. ವಾರಕ್ಕೊಂದ್ಸಲ ಅಮ್ಮ ಹತ್ತೋ ಇಪ್ಪತ್ತೋ ರೂಪಾಯಿ ಮುಷ್ಟಿಯಲ್ಲಿ ಹಿಡ್ಕೊಂಡು ಅಂಗನವಾಡಿ ಕಡೆ ಹೋಗೋದು ನೆನಪಿದೆ. ಅಮ್ಮನ ಹೆಸರಿದ್ದ ಮೊದಲ ಪಾಸ್‌ಬುಕ್ಕು ಅದು.

ಇನ್ನೊಂದು ವಿಷಯ ಮರೀಬಾರದು. ಮೂಡಿಗೆರೆ ಎಸ್‌ಸಿ ಮೀಸಲು ಕ್ಷೇತ್ರ. ಸಾವಿರಾರು ಎಕರೆ ತೋಟ, ಧಣಿಗಳು, ಬಂಗಲೆಗಳು ಇರೋ ಈ ಬೆಟ್ಟಗಳಿಂದ ದಲಿತ ಹೆಣ್ಣುಮಗಳೊಬ್ಬಳು ವಿಧಾನಸೌಧಕ್ಕೆ ಹೋಗಿದ್ದು ಜನರ ದೊಡ್ಡ ಮನಸ್ಸಿನಿಂದ ಮಾತ್ರ ಅಲ್ಲ, ಆ ಕುರ್ಚಿ ಮೀಸಲು ಅಂತ ಬರೆದಿದ್ದರಿಂದ. ಅರ್ಹತೆ ಇದ್ದವರು ಹಂಗೇ ಬರ್ತಾರೆ, ಮೀಸಲಾತಿ ಯಾಕೆ ಅಂತ ಲಂಚ್ ಟೇಬಲ್‌ನಲ್ಲಿ ಯಾರಾದ್ರೂ ಕೇಳಿದ್ರೆ ನಾನು ಕೊಡೋ ಉದಾಹರಣೆ ಇದೇ.

ನಮ್ಮ ಕ್ಷೇತ್ರ ನೋಡಿ ರಾಜ್ಯ ಅಳೆಯೋ ಹಂಗಿಲ್ಲ. 2023ರ ಮೇ ತಿಂಗಳ ಚುನಾವಣೆಯಲ್ಲಿ 224 ಶಾಸಕರಲ್ಲಿ ಗೆದ್ದ ಹೆಂಗಸರು 10. ಆ ವರ್ಷದ ಮಂತ್ರಿಮಂಡಲದಲ್ಲಿ ಇದ್ದಿದ್ದು ಒಬ್ಬರೇ, ಅವರ ಖಾತೆ ಯಾವುದಾಗಿತ್ತು ಅಂತ ಕೇಳೋದೇ ಬೇಡ, ಮಹಿಳಾ ಮತ್ತು ಮಕ್ಕಳದ್ದೇ. 1972ರಲ್ಲೇ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮನವರನ್ನ ಸ್ಪೀಕರ್ ಮಾಡಿ ಇಡೀ ಸದನ ಎದ್ದು ನಿಲ್ಲೋ ಹಂಗೆ ಮಾಡಿದ್ದ ರಾಜ್ಯ ಇದು.

ಇದೇ ರಾಜ್ಯ ಪಂಚಾಯ್ತಿ ವಿಷಯದಲ್ಲಿ ದೇಶಕ್ಕೇ ಮುಂದೆ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ನಜೀರ್ ಸಾಬರು ತಂದ 1983ರ ಕಾನೂನಿನಲ್ಲೇ ಹೆಂಗಸರಿಗೆ 25 ಪರ್ಸೆಂಟ್ ಇತ್ತು, 1987ರಲ್ಲಿ ಅದರ ಪ್ರಕಾರ ಚುನಾವಣೆಯೂ ಆಯ್ತು. ಕೇಂದ್ರದ 73ನೇ ತಿದ್ದುಪಡಿ ಮೂರನೇ ಒಂದು ಭಾಗ ಅಂದಿದ್ದು ಆಮೇಲೆ. 2010ರಲ್ಲಿ ಕರ್ನಾಟಕ ಅದನ್ನ ಅರ್ಧಕ್ಕೆ ಏರಿಸ್ತು. ಇಷ್ಟು ಸಲೀಸಾಗಿ ಅರ್ಧ ಕೊಟ್ಟವರು ತಮ್ಮ ಸದನದಲ್ಲಿ ಮೂರನೇ ಒಂದು ಕೊಡೋಕೆ 27 ವರ್ಷ ಯಾಕೆ ತಗೊಂಡ್ರು? ಉತ್ತರ ಸರಳ ಇದೆ. ಪಂಚಾಯ್ತಿ ಕುರ್ಚಿ ಶಾಸಕರದ್ದೂ ಅಲ್ಲ, ಸಂಸದರದ್ದೂ ಅಲ್ಲ. ಬೇರೆಯವರ ಕುರ್ಚಿ ಹಂಚೋಕೆ ಯಾರಿಗೂ ಕಷ್ಟ ಇಲ್ಲ.

ಕೊಟ್ಟಿದ್ದರಿಂದ ಏನಾಯ್ತು ಅನ್ನೋದನ್ನ ನಮ್ಮೂರಲ್ಲೇ ನೋಡಿದ್ದೀನಿ. 2010ರಲ್ಲಿ ನಮ್ಮ ವಾರ್ಡಿಗೆ ಒಬ್ಬರು ಹೆಂಗಸು ಮೆಂಬರ್ ಆದ್ರು. ಮೊದಲ ಎರಡು ವರ್ಷ ಅವರ ಗಂಡನೇ ಮೆಂಬರ್. ಮೀಟಿಂಗಿಗೆ ಅವರೇ, ಸಹಿಗೆ ಮಾತ್ರ ಇವರು. ಮೂರನೇ ಮಳೆಗಾಲಕ್ಕೆ ಹಳ್ಳದ ಕಾಲುಸಂಕ ಕೊಚ್ಕೊಂಡು ಹೋಯ್ತು. ಅಡಿಕೆ ಮರದ ದಬ್ಬೆ ಹಾಕಿ ಮಕ್ಕಳನ್ನ ದಾಟಿಸಬೇಕು, ದಾಟಿಸೋರು ತಾಯಂದಿರು. ಆ ಸಲದ ಗ್ರಾಮಸಭೆಗೆ ಆಯಮ್ಮ ತಾವೇ ಬಂದ್ರು, ಗಂಡ ಹಿಂದಿನ ಬೆಂಚಲ್ಲಿ ಕೂತಿದ್ರು. "ಸಂಕಕ್ಕೆ ದುಡ್ಡಿಡದೆ ಯಾವ ಪಟ್ಟಿಗೂ ನಾನು ಸಹಿ ಹಾಕಲ್ಲ" ಅಂದ್ರು. ಸಿಮೆಂಟಿನ ಸಂಕ ಆಯ್ತು, ಇವತ್ತಿಗೂ ಇದೆ. ಮುಂದಿನ ಚುನಾವಣೆಗೆ ಮೀಸಲಾತಿ ಪಟ್ಟಿ ತಿರುಗಿ ವಾರ್ಡ್ ಸಾಮಾನ್ಯಕ್ಕೆ ಬಂತು. ಅವರನ್ನ ನಿಲ್ಲಿ ಅಂತ ಯಾರೂ ಕೇಳಲಿಲ್ಲ. ಕೆಲಸ ಕಲಿತ ಹೊತ್ತಿಗೆ ಕುರ್ಚಿ ಹೋಯ್ತು. ಹೊಸ ಕಾನೂನಿನಲ್ಲೂ ಮೀಸಲು ಸೀಟುಗಳು ಪ್ರತಿ ಪುನರ್ವಿಂಗಡಣೆಗೆ ತಿರುಗ್ತವೆ, ಮೀಸಲಾತಿಯ ಅವಧಿಯೂ 15 ವರ್ಷ, ಮುಂದುವರಿಸಬೇಕಂದ್ರೆ ಸಂಸತ್ತು ಮತ್ತೆ ಕಾನೂನು ಮಾಡಬೇಕು.

ಈ ಕುರ್ಚಿಯ ಲೆಕ್ಕ ಸಂಸತ್ತಿಗೆ ಮುಗಿಯಲ್ಲ, ಮನೆಗೂ ಬರುತ್ತೆ. ನಮ್ಮ ಮನೆಗೆ ಅದೇ 2023ರಲ್ಲಿ ಬಂತು.

ಅಪ್ಪ ಹೋಗಿ ಎರಡು ವರ್ಷ ಆಯ್ತು. ನಾಲ್ಕೂವರೆ ಎಕರೆ ಕಾಫಿ, ಒಂದೆಕರೆ ಗದ್ದೆ, ಎಲ್ಲ ಅಜ್ಜನ ಕಾಲದ್ದು. ಅಮ್ಮ, ಅಕ್ಕ, ನಾನು. ಅಕ್ಕನ ಮನೆ ಮೂಡಿಗೆರೆ ಪೇಟೆಯಲ್ಲೇ. ಅಪ್ಪನಿಗೆ ಹುಷಾರು ತಪ್ಪಿದ ದಿನದಿಂದ ತೋಟ ನೋಡಿದ್ದು ಅವಳು. ಮರಗಸಿ ಯಾವಾಗ, ಗೊಬ್ಬರ ಯಾವಾಗ, ಮೆಣಸು ಕೊಯ್ಯೋರನ್ನ ಎಲ್ಲಿಂದ ಕರೆಸೋದು, ಚೆಕ್‌ರೋಲ್ ಬರೆಯೋದು, ಎಲ್ಲ ಅವಳೇ. ನಾನು ಬೆಂಗಳೂರಿನಿಂದ ಫೋನಲ್ಲಿ "ಮಳೆ ಹೆಂಗಿದೆ?" ಅಂತ ಕೇಳೋನು.

ಚೆಕ್‌ರೋಲ್ ಕೈಗೆ ಬಂದ ಮೇಲೆ ಅವಳು ಮೊದಲು ಮಾಡಿದ ಕೆಲಸ ಕಳೆ ತೆಗೆಯೋದಕ್ಕೆ, ಹಣ್ಣು ಕುಯ್ಯೋದಕ್ಕೆ ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಸಂಬಳ ಮಾಡಿದ್ದು. ಒಂದೇ ಥರದ ಕೆಲಸಕ್ಕೆ ಒಂದೇ ಕೂಲಿ ಅಂತ 1976ರಲ್ಲೇ ಕಾನೂನಾಗಿದೆ. ನಮ್ಮ ಸುತ್ತಿನ ಸಣ್ಣ ತೋಟಗಳಲ್ಲಿ ಅದು ಬರಲೇ ಇಲ್ಲ. ಗಂಡಸು ಏಣಿ ಹತ್ತುತ್ತಾನೆ, ಔಷಧಿ ಹೊಡೀತಾನೆ, ಅದಕ್ಕೆ ಜಾಸ್ತಿ ಅಂತಾರೆ. ಏಣಿ ಹತ್ತದ ದಿನವೂ ಜಾಸ್ತಿಯೇ. ಅಕ್ಕ ಹಿಂಗೆ ಮಾಡಿದ್ದಕ್ಕೆ ಪಕ್ಕದ ತೋಟದವರು ಬಂದು, "ನೀವು ಹಿಂಗೆ ಕೊಟ್ರೆ ನಮಗೆ ಹೆಣ್ಣಾಳು ಸಿಗದಂಗೆ ಆಗುತ್ತೆ ಮಾರಾಯ್ತಿ" ಅಂದ್ರಂತೆ. "ನೀವೂ ಕೊಡಿ, ಸಿಗ್ತಾರೆ" ಅಂದ್ಳಂತೆ.

ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ ಚಿಕ್ಕಪ್ಪ ಒಂದು ಕಾಗದ ತಂದಿಟ್ರು. ಹಕ್ಕು ಖುಲಾಸೆ ಪತ್ರದ ಕರಡು. ಅಕ್ಕ ಸಹಿ ಹಾಕಿದ್ರೆ ಜಮೀನು ನನ್ನ ಹೆಸರಿಗೆ ಸಲೀಸು. ಸಂಸತ್ತಿನಲ್ಲಿ ಮಸೂದೆ ಮಂಡನೆಯಾದ ವಾರವೇ ಅದು. ಟೀವಿಯಲ್ಲಿ ಅದೇ ಓಡ್ತಿತ್ತು, ಚಿಕ್ಕಪ್ಪನೂ ಅದನ್ನ ಮೆಚ್ಕೊಂಡೇ ಮಾತಾಡ್ತಿದ್ರು. ಅಕ್ಕ ಕಾಗದ ಓದಿ ಮಡಚಿ ಮೇಜಿನ ಮೇಲಿಟ್ಟು, "ನಾನು ಹಾಕಲ್ಲ ಚಿಕ್ಕಪ್ಪ" ಅಂದ್ಳು.

"ಎಂತಕ್ಕೆ ಮಾರಾಯ್ತಿ? ಮದುವೆಗೆ ಖರ್ಚು ಮಾಡಿಲ್ವಾ, ಚಿನ್ನ ಹಾಕಿಲ್ವಾ? ನಿನ್ನ ಪಾಲು ಅದೇ ಅಲ್ವಾ?"

"ಇವನ ಬಿಇ ಫೀಸೂ ತೋಟದ್ದೇ ಅಲ್ವಾ ಚಿಕ್ಕಪ್ಪ? ಅದನ್ನ ಇವನ ಪಾಲಲ್ಲಿ ಕಳೀತೀರಾ?"

ಚಿಕ್ಕಪ್ಪ ನನ್ನ ಮುಖ ನೋಡಿದ್ರು. "ಅಕ್ಕ ಹೇಳಿದ್ದು ಸರಿ, ಮೂರು ಪಾಲು ಮಾಡೋಣ" ಅಂದೆ. ಇದರಲ್ಲಿ ನನ್ನ ದೊಡ್ಡತನ ಏನೂ ಇಲ್ಲ, ಕಾನೂನೇ ಹಂಗಿದೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳ ಕಾಯ್ದೆ ಮಾಡಿತ್ತು. ಪಾಲಿನಲ್ಲಿ ವಿಧವೆಗೆ, ಮದುವೆಯಾಗದ ಮಗಳಿಗೆ ಜಾಗ ಕೊಟ್ಟಿತ್ತು. ಪಿತ್ರಾರ್ಜಿತದಲ್ಲಿ ಮಗಳೂ ಮಗನಂತೆ ಪಾಲುದಾರಳು ಅಂತ ಕರ್ನಾಟಕ 1994ರಲ್ಲಿ ಜಾರಿಗೆ ತಂತು, ಅದಕ್ಕೆ ಮೊದಲೇ ಮದುವೆಯಾದವರನ್ನ ಬಿಟ್ಟು. ದೇಶಕ್ಕೆಲ್ಲ ಬಂದಿದ್ದು 2005ರ ಸೆಪ್ಟೆಂಬರ್ 9ಕ್ಕೆ. ಆ ದಿನ ತಂದೆ ಬದುಕಿರಬೇಕಿತ್ತಾ ಅನ್ನೋ ಗೊಂದಲವನ್ನೂ 2020ರಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕ್ತು, ಹಕ್ಕು ಹುಟ್ಟಿನಿಂದಲೇ ಬರುತ್ತೆ ಅಂತು. ತೊಂಬತ್ತು ವರ್ಷದಿಂದ ಸದನಗಳು ಚರ್ಚೆ ಮಾಡಿ ಕೊಟ್ಟಿದ್ದನ್ನ ಹಬ್ಬದ ದಿನ ಊಟದ ನಂತರ ಒಂದು ಸಹಿಯಲ್ಲಿ ವಾಪಸ್ ತಗೋಬಹುದು. ಅದಕ್ಕೂ ಕಾನೂನಿನಲ್ಲಿ ಜಾಗ ಇದೆ, ಸ್ವಂತ ಇಷ್ಟದಿಂದ ಬಿಟ್ಟುಕೊಟ್ಳು ಅಂತ ಪತ್ರ ಹೇಳುತ್ತೆ.

ಚಿಕ್ಕಪ್ಪ ಕೆಟ್ಟವರಲ್ಲ. ಅವರ ಒಂದು ಮಾತಲ್ಲಿ ನಿಜವೂ ಇದೆ. ನಾಲ್ಕೂವರೆ ಎಕರೆಯನ್ನ ಮೂರು ತುಂಡು ಮಾಡಿದ್ರೆ ಕೆರೆ ಒಬ್ಬರಿಗೆ, ಕಣ ಒಬ್ಬರಿಗೆ, ದಾರಿ ಇನ್ನೊಬ್ಬರಿಗೆ ಹೋಗುತ್ತೆ. ಬ್ಲಾಸಂ ಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರಿಗೆ ನೀರು ಯಾರು ಮೊದಲು ಹೊಡೀಬೇಕು ಅನ್ನೋದಕ್ಕೆ ಅಣ್ಣ ತಮ್ಮಂದಿರೇ ಕೋರ್ಟಿಗೆ ಹೋದ ಉದಾಹರಣೆ ನಮ್ಮೂರಲ್ಲಿದೆ. ಆದ್ರೆ ಇಬ್ಬರು ಗಂಡುಮಕ್ಕಳಿದ್ದ ಮನೆಯಲ್ಲಿ ತೋಟ ತುಂಡಾಗುತ್ತೆ ಅಂತ ಒಬ್ಬನಿಗೆ ಸಹಿ ಹಾಕು ಅಂದಿದ್ದನ್ನ ನಾನು ಕೇಳಿಲ್ಲ. ನಾವು ಕೂತು ಮಾಡಿಕೊಂಡ ಲೆಕ್ಕ ಇಷ್ಟು. ಪಹಣಿಯಲ್ಲಿ ಮೂರೂ ಹೆಸರು. ಕೆರೆ, ಕಣ, ದಾರಿ ಮೂವರದ್ದೂ, ಅದು ಪಾಲುಪತ್ರದಲ್ಲೇ ಬರೆದಿರಬೇಕು. ತೋಟ ನೋಡೋದು ಅಕ್ಕ, ಅದಕ್ಕೆ ಆದಾಯದಿಂದ ಅವಳಿಗೆ ಮೊದಲು ತಿಂಗಳ ಸಂಬಳ, ಉಳಿದಿದ್ದು ಮೂರು ಭಾಗ. ಸಂಬಳ ಅಂದಾಗ ಅಮ್ಮನಿಗೇ ಸ್ವಲ್ಪ ಇರಿಸುಮುರಿಸಾಯ್ತು, ಮನೆಮಗಳಿಗೆ ಸಂಬಳವಾ ಅಂತ. ರೈಟರ್ ಇಟ್ರೆ ಕೊಡಲ್ವಾ ಅಂದಿದ್ದಕ್ಕೆ ಸುಮ್ಮನಾದ್ರು.

ರೋಬಸ್ಟಾಗೆ ರೇಟು ಏರ್ತಿದ್ದ ವರ್ಷ ಅದು. ನನಗೂ ಬೆಂಗಳೂರಿನ ಫ್ಲ್ಯಾಟಿನ ಇಎಂಐ ಇದೆ. ಮೂರನೇ ಎರಡು ಭಾಗ ಬಿಟ್ಟುಕೊಡೋದಂದ್ರೆ ಎಷ್ಟು ಅಂತ ಎಕ್ಸೆಲ್‌ನಲ್ಲಿ ಹಾಕಿ ನೋಡಿದ್ದೀನಿ. ಸಣ್ಣ ಮೊತ್ತ ಅಲ್ಲ. 454 ಜನರಿಗೆ ಈ ಲೆಕ್ಕ ಹಾಕೋ ದಿನ ಇನ್ನೂ ಬಂದಿಲ್ಲ. ತನ್ನ ಕ್ಷೇತ್ರ ಮೀಸಲಾಯ್ತು ಅಂತ ಪಟ್ಟಿಯಲ್ಲಿ ನೋಡಿದ ದಿನ ಅವರಲ್ಲಿ ಎಷ್ಟು ಜನ ಇಷ್ಟೇ ನಗುಮುಖದಲ್ಲಿ ಇರ್ತಾರೆ ಅನ್ನೋದನ್ನ ಕಾದು ನೋಡಬೇಕು.

ಇದನ್ನ ಓದ್ತಿರೋ ನಿಮ್ಮಲ್ಲಿ ತುಂಬಾ ಜನಕ್ಕೆ ಊರಲ್ಲಿ ಎರಡೋ ಮೂರೋ ಎಕರೆ ಇರುತ್ತೆ, ಒಬ್ಬಳು ಅಕ್ಕನೋ ತಂಗಿಯೋ ಇರ್ತಾಳೆ. ಸಂಕ್ರಾಂತಿಗೋ ಯುಗಾದಿಗೋ ಊರಿಗೆ ಹೋದಾಗ ಹಿರಿಯರು ಒಂದು ಕಾಗದ ತೆಗೀತಾರೆ. ಅವಳು ಬೇಡ ಅನ್ನೋ ತನಕ ಕಾಯಬೇಡಿ, ಎಷ್ಟೋ ಜನಕ್ಕೆ ತವರು ತಪ್ಪುತ್ತೆ ಅನ್ನೋ ಭಯಕ್ಕೆ ಬಾಯಿ ಬರಲ್ಲ. ಪಾಲು ಎಷ್ಟು ಅಂತ ಮೊದಲು ನೀವೇ ಕೇಳಿ. ಬಿಟ್ಟುಕೊಡೋದು ಅವಳಿಗೆ ನಿಜವಾಗಿ ಇಷ್ಟ ಇದ್ರೆ ಅದನ್ನ ಆಮೇಲೂ ಮಾಡಬಹುದು.

ನಮ್ಮ 11ಇ ಸ್ಕೆಚ್‌ಗೆ ಅರ್ಜಿ ಹಾಕಿದ್ದೀವಿ, ಸರ್ವೆಯವರ ಸರದಿ ಬರಬೇಕು. ಅಷ್ಟರೊಳಗೆ ಹಣ್ಣಿನ ಕುಯ್ಲು ಮುಗಿಸಬೇಕು ಅಂತ ಅಕ್ಕ ಹೇಳಿದ್ದಾಳೆ. ಸರಪಳಿ ಎಳೆಯುವಾಗ ಹಣ್ಣು ಉದುರಿದ್ರೆ ಅದು ಮೂವರ ಲೆಕ್ಕಕ್ಕೂ ನಷ್ಟವಂತೆ.